ಮನೆಯಲ್ಲೊಂದು ನೀರಿನ ಅಡಕಲು ಇರಲಿ

ನನ್ನ ತವರು ಬ್ಯಾಡಗಿ, ಕೊಟ್ಟ ಮನೆ ರಾಣೆಬೆನ್ನೂರು, ನೌಕರಿ ಮಾಡಿದ್ದು ಹಾವೇರಿಯಲ್ಲಿ. ಮೂರೂ ಊರಿನ ನೀರು ಕುಡಿದು ಬೆಳೆದವಳು ನಾನು. ಮೂರೂ ಊರಲ್ಲಿ ನೀರಿಗಾಗಿ ನಿದ್ದೆಗೆಟ್ಟವಳೂ ಹೌದು. ರೈಲಿನಲ್ಲಿ ಹೋದರೆ ಒಂದರ ಹಿಂದೊಂದು ಬರುವ ಊರುಗಳಿವು. ಮಾತು ಒಂದೇ, ಊಟ ಒಂದೇ, ರಾತ್ರಿ ಎರಡು ಗಂಟೆಗೆ ಓಣಿಯಲ್ಲಿ ಏಳುವ ಕೂಗೂ ಒಂದೇ: "ನೀರು ಬಂತ ನೋಡ್ರೀ!" ಆ ಕೂಗಿಗೆ ಎದ್ದು, ಕೊಡ, ಬಕೆಟ್ಟು, ಬ್ಯಾರಲ್ಲು ತುಂಬಿಸಿಕೊಳ್ಳದ ಹೆಣ್ಣುಮಗಳು ನಮ್ಮ ಕಡೆ ಇದ್ದಾಳೆಯೇ? ಆದ್ದರಿಂದ ನೀರು ಹಿಡಿದಿಡಬೇಕು ಎಂದು ನಿಮಗೆ ನಾನು ಕಲಿಸಬೇಕಾಗಿಲ್ಲ. ನನ್ನ ಮನವಿ ಬೇರೆ. ನಾವು ಹಿಡಿದಿಡುವ ನೀರಿನಲ್ಲಿ ಬಳಸುವ ನೀರೇ ಬಹಳ. ಬಟ್ಟೆಗೆ, ಪಾತ್ರೆಗೆ, ಸ್ನಾನಕ್ಕೆಂದು ಟಾಕಿ ತುಂಬಿರುತ್ತದೆ. ಕುಡಿಯುವ ನೀರು ಮಾತ್ರ ಒಂದು ಕೊಡ, ಹೆಚ್ಚೆಂದರೆ ಎರಡು. ಆ ಎರಡು ಕೊಡ ಮುಗಿಯುವ ದಿನಕ್ಕಾಗಿ ಪ್ರತಿ ಮನೆಯಲ್ಲೂ ನೂರು ಲೀಟರ್ ಕುಡಿಯುವ ನೀರು, ಮುಚ್ಚಿದ ಕ್ಯಾನುಗಳಲ್ಲಿ, ಒಂದರ ಮೇಲೊಂದು ಅಡಕಿಸಿಟ್ಟು, ಮುಟ್ಟದೆ ಇರಬೇಕು. ಇದಿಷ್ಟು ಕೇಳಲು ಈ ಬರಹ.

ಅಡಕಲು ಎಂಬ ಮಾತು ಹೊಸ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ನನ್ನ ಅವ್ವನ ಮನೆಯ ನಡುಮನೆಯ ಮೂಲೆಯಲ್ಲಿ ಮಣ್ಣಿನ ಗಡಿಗೆಗಳ ಸಾಲಿತ್ತು. ಕೆಳಗೆ ದೊಡ್ಡದು, ಅದರ ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು. ಒಂದರಲ್ಲಿ ಹೆಸರು ಕಾಳು, ಒಂದರಲ್ಲಿ ಮಡಿಕೆ ಕಾಳು, ಒಂದರಲ್ಲಿ ಹಪ್ಪಳ ಸಂಡಿಗೆ. ಅದನ್ನೇ ಅಡಕಲು ಗಡಿಗೆ ಅನ್ನುತ್ತಿದ್ದರು. ಗಜ ನೆಲದಲ್ಲಿ ವರ್ಷದ ಕಾಳು ನಿಲ್ಲುತ್ತಿತ್ತು. ಅಂಗಳದ ಕೆಳಗೆ ಹಗೇವು, ಅದರಲ್ಲಿ ಜೋಳ. ಧಾತು ಈಶ್ವರ ಸಂವತ್ಸರದ ಬರವನ್ನು, 1876ರಿಂದ 78ರ ತನಕದ ಆ ಹಸಿವನ್ನು, ಕಂಡವರ ಮೊಮ್ಮಕ್ಕಳು ಕಟ್ಟಿಕೊಂಡಿದ್ದ ಮನೆಗಳವು. ಕಾಳು ಮುಗಿಯಬಾರದು ಎಂಬ ಎಚ್ಚರ ಗೋಡೆಯಲ್ಲೂ ನೆಲದಲ್ಲೂ ಇತ್ತು. ನೀರಿಗೆ ಮಾತ್ರ ಅಂಥ ಏರ್ಪಾಡು ಮನೆಯೊಳಗೆ ಇರಲಿಲ್ಲ, ಏಕೆಂದರೆ ಅದು ಬೇಕಾಗಿರಲಿಲ್ಲ. ಹಿತ್ತಲಲ್ಲಿ ಬಾವಿ ಇತ್ತು, ಊರ ಮುಂದೆ ಕೆರೆ ಇತ್ತು. ಮಾಸೂರಿನ ಹತ್ತಿರ ಕುಮುದ್ವತಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗದ ಕೆರೆ, ಹಾವೇರಿಯ ಹೆಗ್ಗೇರಿ, ರಾಣೆಬೆನ್ನೂರಿನ ದೊಡ್ಡ ಕೆರೆ, ಇವೇ ಊರವರ ಹಗೇವುಗಳು. ಮಲೆನಾಡಿನ ಏಲಕ್ಕಿಯನ್ನು ಹಾವೇರಿಗೆ ತಂದು ಇಲ್ಲಿನ ಬಾವಿಯ ನೀರಲ್ಲಿ ಅಂಟವಾಳ ಕಲಸಿ ತೊಳೆದು ಬಿಳುಪು ಮಾಡುತ್ತಿದ್ದರು. ಏಲಕ್ಕಿ ಹಾರಕ್ಕೆ ಊರು ಹೆಸರಾದದ್ದರ ಹಿಂದೆ ಬಾವಿಯ ನೀರೂ ಇದೆ. ಆ ಬಾವಿಗಳನ್ನು ನಾವು ಮುಚ್ಚಿದೆವು, ಇಲ್ಲವೇ ಕಸ ಹಾಕಿದೆವು. ಈಗ ಮನೆಯೊಳಗಿನ ನೀರೆಂದರೆ ನಳದ ನೀರು.

ಆ ನಳದ ಹಿಂದೆ ಏನಿದೆ ಎಂದು ಒಮ್ಮೆ ಯೋಚಿಸಿ. ನದಿಯ ದಂಡೆಯ ಜಾಕ್‌ವೆಲ್‌ನಿಂದ ಮೋಟಾರು ನೀರೆತ್ತಬೇಕು. ಹಾವೇರಿಗಾದರೆ ತುಂಗಭದ್ರೆಯ ದಂಡೆಯ ಕಂಚಾರಗಟ್ಟಿಯಿಂದ. ಮೈಲಿಗಟ್ಟಲೆ ಪೈಪಿನಲ್ಲಿ ಅದು ಏರಿ ಬರಬೇಕು. ಶುದ್ಧೀಕರಣ ಘಟಕದಲ್ಲಿ ತಿಳಿಯಾಗಿ, ಕ್ಲೋರಿನ್ ಬೆರೆತು, ಮೇಲಿನ ಟಾಕಿ ಸೇರಿ, ವಾಲ್‌ಮನ್ ನಮ್ಮ ಓಣಿಯ ವಾಲ್ವು ತಿರುಗಿಸಿದ ಮೇಲೆ ನಮ್ಮ ಕೊಡಕ್ಕೆ ಬೀಳಬೇಕು. ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ನೀರಿಲ್ಲ. ಕರೆಂಟು ಹೋದರೆ ಇಲ್ಲ, ಮೋಟಾರು ಸುಟ್ಟರೆ ಇಲ್ಲ, ರಸ್ತೆ ಅಗೆಯುವ ಜೆಸಿಬಿ ಪೈಪಿಗೆ ತಾಗಿದರೆ ಇಲ್ಲ. ಬೇಸಿಗೆಯಲ್ಲಿ ನದಿ ಬತ್ತಿದರೂ ಇಲ್ಲ, ಮಳೆಗಾಲದಲ್ಲಿ ನದಿ ಉಕ್ಕಿ ಕೆಸರು ತುಂಬಿದರೂ ಇಲ್ಲ. ದಿನದ 24 ತಾಸೂ ನಳದಲ್ಲಿ ನೀರಿರಬೇಕೆಂಬ ಗುರಿಯ ಯೋಜನೆಗಳು ನಮ್ಮ ಕಡೆಗೂ ಬಂದಿವೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನ ಜಲಸಿರಿಯಲ್ಲಿ ಬ್ಯಾಡಗಿಯೂ ಸೇರಿದೆ. ಒಳ್ಳೆಯದೇ ಆಯಿತು. ಆದರೆ ನದಿಯಲ್ಲೇ ನೀರಿಲ್ಲದ ದಿನ ಪೈಪು ಹೊಸದಾದರೇನು, ಹಳೆಯದಾದರೇನು.

ಅಂಥ ದಿನವನ್ನು ನಾವು ಕಂಡಿದ್ದೇವೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಸಾರಿತು. ಮುಂದಿನ ಬೇಸಿಗೆಯಲ್ಲಿ ತುಂಗಭದ್ರೆಯ ಪಾತ್ರದಲ್ಲಿ ಬಂಡೆಯೂ ಮರಳೂ ಕಂಡವು. ಕುಡಿಯುವ ನೀರಿಗೆಂದು ಭದ್ರಾ ಜಲಾಶಯದಿಂದ ನದಿಗೆ ನೀರು ಬಿಡಿಸಿಕೊಳ್ಳಬೇಕಾಯಿತು. ಲಕ್ಕವಳ್ಳಿಯ ಅಣೆಕಟ್ಟೆಯಿಂದ ಹೊರಟ ನೀರು ಕೂಡಲಿ ದಾಟಿ, ಹರಿಹರ ದಾಟಿ, ಒಣಗಿದ ಪಾತ್ರವೆಲ್ಲ ತನ್ನ ಪಾಲು ಹೀರಿಕೊಂಡ ಮೇಲೆ ಉಳಿದದ್ದು ನಮಗೆ. ಅದು ಬಂದು ಮುಟ್ಟುವ ತನಕ ಮನೆಯಲ್ಲಿ ಏನಿತ್ತೋ ಅದೇ ಆಧಾರ. ಆ ದಿನಗಳಲ್ಲಿ ನಮ್ಮ ಓಣಿಯಲ್ಲಿ ಟ್ಯಾಂಕರ್ ಬಂದಾಗ ಸಾಲಿನಲ್ಲಿ ನಿಂತವರ ಮುಖಗಳು ನನಗೆ ಈಗಲೂ ನೆನಪಿವೆ. ಬಡಿದಾಟ ಆಗಲಿಲ್ಲ, ಆದರೆ ಹತ್ತಿಪ್ಪತ್ತು ವರ್ಷ ಒಬ್ಬರ ಮನೆಯ ಸಾರು ಇನ್ನೊಬ್ಬರು ಉಂಡವರು ಅಂದು ಒಬ್ಬರ ಕೊಡವನ್ನು ಇನ್ನೊಬ್ಬರು ಎಣಿಸುತ್ತಿದ್ದರು. ಓಣಿಯ ಕೊನೆಯ ಮನೆಯಲ್ಲಿ ಬಾಣಂತನಕ್ಕೆ ಬಂದ ಮಗಳಿದ್ದಳು. ಕೂಸಿಗೆ ಹೊಟ್ಟೆ ಕೆಟ್ಟಿತ್ತು ಎಂದು ಅವಳ ತಾಯಿ ನಮ್ಮ ಮನೆಗೆ ಬಂದು, "ಅಕ್ಕಾರ, ಕಾಸಿ ಆರಿಸಿದ್ದು ಒಂದು ತಂಬಿಗಿ ನೀರಿದ್ರ ಕೊಡ್ರಿ" ಎಂದಳು. ನಮ್ಮಲ್ಲೂ ಇದ್ದದ್ದು ಒಂದೇ ಕೊಡ. ಕೊಟ್ಟೆವು. ಆದರೆ ಕೊಡುವ ಮೊದಲು ನನ್ನ ಅತ್ತೆ ಕೊಡದೊಳಗೆ ಬಗ್ಗಿ ನೋಡಿದರು. ದಾನ ಧರ್ಮದಲ್ಲಿ ಹಿಂದೆ ಬಿದ್ದವರಲ್ಲ ಅವರು. ಅವರನ್ನು ಬಗ್ಗಿ ನೋಡುವಂತೆ ಮಾಡಿದ್ದು ನಮ್ಮ ಸಿದ್ಧತೆಯ ಕೊರತೆ. ಮರುವಾರವೇ ನಾನು ಮೊದಲ ಕ್ಯಾನು ತಂದೆ.

ನೀರು ಹೆಚ್ಚಾದಾಗಲೂ ಕುಡಿಯುವ ನೀರಿಗೇ ಮೊದಲ ಪೆಟ್ಟು. 2019ರ ಆಗಸ್ಟಿನಲ್ಲಿ ವರದಾ, ಧರ್ಮಾ ಎರಡೂ ದಂಡೆ ಮೀರಿ ಹರಿದವು. ಹಾವೇರಿ, ಹಾನಗಲ್ಲ ತಾಲ್ಲೂಕಿನ ಹೊಳೆಸಾಲಿನ ಊರುಗಳಲ್ಲಿ ಮನೆಯೊಳಗೆ ನೀರು ಹೊಕ್ಕಿತು. ಸುತ್ತ ನೀರೇ ನೀರು, ಬಾಯಿಗೆ ಹಾಕುವಂಥದ್ದು ಒಂದು ಲೋಟ ಇಲ್ಲ. ಬಾವಿಗೆ ಹೊಳೆಯ ಕೆಸರು ಇಳಿದಿರುತ್ತದೆ, ಬೋರ್‌ವೆಲ್ಲಿನ ಬಾಯಿ ಮುಳುಗಿರುತ್ತದೆ, ಕರೆಂಟು ಇರುವುದಿಲ್ಲ. ಆ ಹೊತ್ತಿಗೆ ಅಟ್ಟದ ಮೇಲೆ ಮುಚ್ಚಳ ಬಿಗಿದ ಎರಡು ಕ್ಯಾನು ಇದ್ದವರು ಕಾಳಜಿ ಕೇಂದ್ರಕ್ಕೆ ಹೊರಡುವಾಗ ಒಂದನ್ನು ಕೈಯಲ್ಲಿ ಹಿಡಿದು ಹೋಗಬಹುದಿತ್ತು. ಬ್ಯಾರಲ್ಲನ್ನು ಯಾರು ಹೊತ್ತಾರು?

ಎಷ್ಟು ಬೇಕು ಎಂಬುದಕ್ಕೆ ಬರೋಣ. ಕುಡಿಯಲು, ಗಂಜಿ ಅನ್ನ ಬೇಯಿಸಲು, ಬಾಯಿ ಮುಕ್ಕಳಿಸಲು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಎಂದು ಹಿಡಿಯಿರಿ. ಐದು ಜನರ ಮನೆಗೆ ದಿನಕ್ಕೆ ಇಪ್ಪತ್ತು ಲೀಟರ್, ಅಂದರೆ ಒಂದು ಕ್ಯಾನು. ಐದು ದಿನಕ್ಕೆ ಐದು ಕ್ಯಾನು, ನೂರು ಲೀಟರ್. ಐದೇ ದಿನ ಯಾಕೆಂದರೆ, ಮೋಟಾರು ಸುಟ್ಟರೂ ಪೈಪು ಒಡೆದರೂ ಅಷ್ಟರೊಳಗೆ ಟ್ಯಾಂಕರಾದರೂ ಓಣಿಗೆ ಬಂದೀತು. ಕೈಲಾದವರು ಹತ್ತು ದಿನದ್ದು ಇಡಲಿ. ಏಪ್ರಿಲ್ ಮೇ ತಿಂಗಳಲ್ಲಿ, ಮನೆಯಲ್ಲಿ ಬಸುರಿ ಬಾಣಂತಿಯರಿದ್ದರೆ, ಹಾಸಿಗೆ ಹಿಡಿದ ಹಿರಿಯರಿದ್ದರೆ ಒಂದು ಕ್ಯಾನು ಹೆಚ್ಚು ಇರಲಿ. ಇದು ಸ್ನಾನದ ನೀರಲ್ಲ, ದನದ ನೀರೂ ಅಲ್ಲ. ಅದರ ಲೆಕ್ಕ ಬೇರೆ, ಅದಕ್ಕೆ ನಿಮ್ಮ ಟಾಕಿ ಇದೆ.

ಈ ನೂರು ಲೀಟರ್ ಸಣ್ಣದೆನಿಸಬಹುದು. 2011ರ ಜನಗಣತಿಯ ಪ್ರಕಾರ ಹಾವೇರಿಯಲ್ಲಿ ಸುಮಾರು 67 ಸಾವಿರ, ರಾಣೆಬೆನ್ನೂರಲ್ಲಿ 1 ಲಕ್ಷ 6 ಸಾವಿರ, ಬ್ಯಾಡಗಿಯಲ್ಲಿ 30 ಸಾವಿರ ಜನ. ಈಗ ಇನ್ನೂ ಹೆಚ್ಚಿದ್ದಾರೆ. ಹಳೆಯ ಲೆಕ್ಕವನ್ನೇ ಹಿಡಿದು ಮನೆಗೆ ಐದು ಜನರೆಂದರೆ ಮೂರೂ ಊರು ಸೇರಿ ನಲವತ್ತು ಸಾವಿರ ಮನೆ. ಮನೆಗೆ ನೂರು ಲೀಟರ್ ಇದ್ದರೆ ನಲವತ್ತು ಲಕ್ಷ ಲೀಟರ್. ಅಷ್ಟು ನೀರು ಹಿಡಿಯುವ ಮೇಲಿನ ಟಾಕಿ ಕಟ್ಟಬೇಕಾದರೆ ಎಷ್ಟು ವರ್ಷ, ಎಷ್ಟು ಟೆಂಡರು, ಎಷ್ಟು ಸಭೆ ಬೇಕೆಂದು ನಿಮಗೆ ಗೊತ್ತು. ಮನೆಗಳೊಳಗಿನ ಈ ಟಾಕಿಗೆ ಮೋಟಾರು ಬೇಡ, ಕರೆಂಟು ಬೇಡ, ವಾಲ್ವು ತಿರುಗಿಸುವವರೂ ಬೇಡ. ಎಲ್ಲ ಮನೆಗಳಲ್ಲೂ ಐದು ದಿನದ ನೀರಿದ್ದರೆ, ಇರುವ ನಾಲ್ಕಾರು ಟ್ಯಾಂಕರುಗಳನ್ನು ನಗರಸಭೆ, ಪುರಸಭೆಯವರು ಮೊದಲು ಆಸ್ಪತ್ರೆಗೆ, ಹಾಸ್ಟೆಲ್ಲಿಗೆ, ಗುಡಿಸಲುಗಳ ಕೇರಿಗೆ ಕಳಿಸಬಹುದು.

ಆದರೆ ತುಂಬುವುದು ಯಾವಾಗ? ಮೇ ತಿಂಗಳಲ್ಲಿ ಎಲ್ಲರೂ ಒಮ್ಮೆಲೇ ಕ್ಯಾನು ಹಿಡಿದು ನಿಂತರೆ ಕೊನೆಯ ಓಣಿಗೆ ಹನಿಯೂ ಸಿಗಲಿಕ್ಕಿಲ್ಲ. ನದಿ ಮೈತುಂಬಿದಾಗ, ನಳ ಜೋರಾಗಿ ಸುರಿಯುವಾಗ ತುಂಬಬೇಕು. ನವರಾತ್ರಿಗೆ ದೇವರಗುಡ್ಡದಲ್ಲಿ ಗೊರವಪ್ಪ ಬಿಲ್ಲೇರಿ ಕಾರ್ಣಿಕ ನುಡಿಯುವುದನ್ನು ನಾವು ಉಸಿರು ಬಿಗಿಹಿಡಿದು ಕೇಳುತ್ತೇವೆ, ಮಳೆ ಬೆಳೆ ಹೇಗೆಂದು ಅರ್ಥ ಬಿಡಿಸುತ್ತೇವೆ. ಆ ಹಬ್ಬ ಮುಗಿಸಿ ಮನೆಗೆ ಬಂದ ವಾರವೇ ಮೊದಲ ಕ್ಯಾನು ತುಂಬಿಸಿ. ಶಿವರಾತ್ರಿಯ ಹೊತ್ತಿಗೆ ಐದೂ ತುಂಬಿರಲಿ.

ಇನ್ನು ಪಾತ್ರೆಯ ವಿಚಾರ. ಇಲ್ಲಿ ನಾನು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ತಪ್ಪು ನಡೆಯುವುದು ಇಲ್ಲಿಯೇ. ನಮ್ಮದು ಬೀಜೋತ್ಪಾದನೆಯ ನಾಡು, ಹತ್ತಿ, ಗೋವಿನಜೋಳ, ಮೆಣಸಿನಕಾಯಿಯ ನಾಡು. ಹೊಲದ ಬದುವಿನಲ್ಲಿ, ಅಂಗಡಿಯ ಹಿಂದೆ, ಗುಜರಿಯಲ್ಲಿ ಬೆಳೆಗೆ ಹೊಡೆಯುವ ಔಷಧದ ಖಾಲಿ ಕ್ಯಾನುಗಳು ರಾಶಿ ಬಿದ್ದಿರುತ್ತವೆ. ಗಟ್ಟಿ ಪ್ಲಾಸ್ಟಿಕ್ಕು, ಒಳ್ಳೆಯ ಮುಚ್ಚಳ, ಚೌಕನೆಯ ಆಕಾರ. ನೋಡಿದರೆ ಬಿಸಾಡಲು ಮನಸ್ಸು ಬಾರದು. ಕೈಮುಗಿದು ಕೇಳುತ್ತೇನೆ, ಅವನ್ನು ಮನೆಯೊಳಗೆ ತರಬೇಡಿ. ಹತ್ತು ಸಲ ತೊಳೆದರೂ ವಿಷ ಪ್ಲಾಸ್ಟಿಕ್ಕಿನೊಳಗೆ ಹೊಕ್ಕಿರುತ್ತದೆ, ಮತ್ತೆ ನೀರಿಗೆ ಬಿಡುತ್ತದೆ. ಬಣ್ಣದ ಡಬ್ಬಿ, ಫಿನಾಯಿಲ್ ಕ್ಯಾನು, ಬ್ಯಾಟರಿ ನೀರಿನ ಕ್ಯಾನು ಕೂಡ ಬೇಡ. ಆ ಖಾಲಿ ಔಷಧದ ಕ್ಯಾನುಗಳಿಗೆ ಎರಡು ಮೂರು ಕಡೆ ತೂತು ಹೊಡೆದುಬಿಡಿ. ಆಗ ಬೇರೆಯವರೂ ಅದರಲ್ಲಿ ನೀರು ತುಂಬಿಸಲಾರರು.

ಹೊಸ ಕ್ಯಾನೇ ತನ್ನಿ. ಪಾತ್ರೆ ಅಂಗಡಿಯಲ್ಲಿ, ಸಂತೆಯಲ್ಲಿ, ಮೇಲೆ ಹಿಡಿಕೆ ಇರುವ, ತಿರುಗಿಸಿ ಬಿಗಿಯುವ ಮುಚ್ಚಳದ ಕ್ಯಾನು ಸಿಗುತ್ತದೆ. ಅದರ ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ 2 ಅಥವಾ 5 ಎಂಬ ಅಂಕಿ ಇರಲಿ, ಜೊತೆಗೆ ಲೋಟ ಮತ್ತು ಮುಳ್ಳುಚಮಚದ ಗುರುತು ಇದ್ದರೆ ಅದು ಆಹಾರಕ್ಕೆ ತಕ್ಕದ್ದು. ಆಮೇಲೆ ಆಕಾರ ನೋಡಿ. ತಲೆ ಚಪ್ಪಟೆಯಾಗಿರಬೇಕು, ತಳದ ಅಂಚು ಕೆಳಗಿನದರ ತಲೆಯ ಮೇಲೆ ಕಚ್ಚಿ ಕೂರಬೇಕು. ಅಂಗಡಿಯಲ್ಲೇ ಎರಡನ್ನು ಒಂದರ ಮೇಲೊಂದಿಟ್ಟು ಅಲುಗಾಡಿಸಿ ನೋಡಿ. ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ. ಫಿಲ್ಟರ್ ನೀರಿನವರು ತಂದುಕೊಡುವ ದುಂಡನೆಯ ಕ್ಯಾನು ಅಡಕಿಸಲು ಬರುವುದಿಲ್ಲ, ಉರುಳುತ್ತದೆ. ಇಪ್ಪತ್ತು ಲೀಟರಿನದು ತುಂಬಿದರೆ ಇಪ್ಪತ್ತು ಕಿಲೋ ಮೀರುತ್ತದೆ ಎಂಬುದು ನೆನಪಿರಲಿ. ಸೊಂಟ ನೋವಿನವರು, ವಯಸ್ಸಾದವರೇ ಇರುವ ಮನೆಯವರು ಹತ್ತು ಲೀಟರಿನವೇ ಹತ್ತು ಕೊಳ್ಳಲಿ. ದೊಡ್ಡವನ್ನು ಎರಡರ ಮೇಲೆ ಮೂರನೆಯದನ್ನು ಏರಿಸಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಕೆಳಗೆ ಹಲಗೆ, ಬೆನ್ನಿಗೆ ಗೋಡೆ ಇರಲಿ.

ಒಂದು ಕ್ಯಾನಿಗೆ ಕೆಲವು ನೂರು ರೂಪಾಯಿ ಆಗುತ್ತದೆ. ಐದನ್ನು ಒಮ್ಮೆಲೇ ಕೊಳ್ಳಲಾಗದ ಮನೆಗಳೇ ಹೆಚ್ಚು ಎಂಬುದು ನನಗೆ ಗೊತ್ತು. ತಿಂಗಳಿಗೊಂದು ಕೊಂಡರೂ ಐದು ತಿಂಗಳಲ್ಲಿ ಅಡಕಲು ಎದ್ದು ನಿಲ್ಲುತ್ತದೆ. ಅದೂ ಆಗದಿದ್ದರೆ ಇನ್ನೊಂದು ದಾರಿ ನಮ್ಮ ಮಾರುಕಟ್ಟೆಯಲ್ಲೇ ಇದೆ: ಟೊಮ್ಯಾಟೊ ಸಾಗಿಸುವ ಪ್ಲಾಸ್ಟಿಕ್ ಕ್ರೇಟು. ಅದನ್ನು ಅಡಕಿಸಲೆಂದೇ ಮಾಡಿದ್ದು. ತೊಳೆದು ಒಣಗಿಸಿ, ಮದುವೆ ಮುಂಜಿಯಲ್ಲಿ ಸಿಗುವ ಒಂದು ಲೀಟರಿನ ನೀರಿನ ಬಾಟಲಿಗಳನ್ನು ಅದರೊಳಗೆ ನಿಲ್ಲಿಸಿದರೆ ಇಪ್ಪತ್ತರಷ್ಟು ಹಿಡಿಯುತ್ತವೆ. ಬಾಟಲಿಯ ತಲೆ ಕ್ರೇಟಿನ ಅಂಚಿಗಿಂತ ಮೇಲೆ ಬರದಿದ್ದರಾಯಿತು. ನೀರಿನದ್ದೇ ಬಾಟಲಿ ಇರಲಿ. ಹಾಲಿನದು, ಹಣ್ಣಿನ ರಸದ್ದು ಎಷ್ಟು ತೊಳೆದರೂ ಕೆಡುತ್ತದೆ. ಒಂದೇ ಖೋಲಿಯಲ್ಲಿ ಸಂಸಾರ ಮಾಡುವವರು ಇದನ್ನು ಮಂಚದ ಕೆಳಗೆ ತಳ್ಳಬಹುದು.

ಯಾವ ನೀರು ತುಂಬಬೇಕು? ಇದನ್ನು ಹೇಳಿದಾಗ ಬಹಳ ಮಂದಿ ಅಚ್ಚರಿಪಡುತ್ತಾರೆ. ನಾಣ್ಯ ಹಾಕಿದರೆ ಕೊಡ ತುಂಬುವ ಶುದ್ಧ ನೀರಿನ ಘಟಕದ ನೀರು ಅಂದಂದಿಗೆ ಕುಡಿಯಲು ಒಳ್ಳೆಯದು, ಆದರೆ ಹಾಗೆಯೇ ತುಂಬಿ ಬಹಳ ದಿನ ಇಡಲು ಅಲ್ಲ. ಆ ಯಂತ್ರ ನೀರಿನಲ್ಲಿದ್ದ ಕ್ಲೋರಿನ್ನನ್ನೂ ತೆಗೆದುಬಿಡುತ್ತದೆ. ಕಾವಲಿಲ್ಲದ ನೀರು ಅದು; ಕೈಯ ಕೊಳೆ ಒಂದಿಷ್ಟು ತಾಗಿದರೂ ಒಳಗೆ ಕ್ರಿಮಿ ಬೆಳೆಯುತ್ತದೆ. ನಗರಸಭೆಯ ನಳದ ನೀರಿಗೆ ನಾವು ಮೂಗು ಮುರಿಯುವ ಆ ಕ್ಲೋರಿನ್ ವಾಸನೆಯೇ ಅದರ ಕಾವಲು. ಆದ್ದರಿಂದ ಅಡಕಲಿಗೆ ನಳದ ನೀರೇ ಲೇಸು. ಆದರೆ ನಳ ಬಿಟ್ಟ ಕೂಡಲೇ ಹಿಡಿಯಬೇಡಿ. ನೀರಿಲ್ಲದ ದಿನಗಳಲ್ಲಿ ಬರಿದಾದ ಪೈಪು ಬಿರುಕಿನಿಂದ ಚರಂಡಿಯ ನೀರನ್ನು ಒಳಗೆಳೆದುಕೊಂಡಿರುತ್ತದೆ. ಮೊದಲ ಹತ್ತು ನಿಮಿಷದ ನೀರು ಬಚ್ಚಲಿಗೆ, ಗಿಡಕ್ಕೆ ಹೋಗಲಿ. ತಿಳಿಯಾದ ಮೇಲೆ ದಪ್ಪ ಬಿಳಿ ಬಟ್ಟೆ ಕಟ್ಟಿ ಹಿಡಿಯಿರಿ. ಮಳೆಗಾಲದ ರಾಡಿ ನೀರಿಗೆ ತುರಟಿ ತಿರುವಿ, ಕೆಸರು ತಳಕ್ಕಿಳಿದ ಮೇಲೆ ಬಸಿದುಕೊಳ್ಳಿ. ತುರಟಿಯಿಂದ ನೀರು ತಿಳಿಯಾಗುತ್ತದೆ, ಕ್ರಿಮಿ ಸಾಯುವುದಿಲ್ಲ. ಕ್ರಿಮಿಗೆ ಕ್ಲೋರಿನ್ ಗುಳಿಗೆ ಬೇಕು. ಔಷಧ ಅಂಗಡಿಯಲ್ಲಿ ಸಿಗುತ್ತದೆ, ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನೂ ಕೇಳಿ. ಎಷ್ಟು ಲೀಟರಿಗೆ ಎಷ್ಟು ಗುಳಿಗೆ ಎಂದು ಪೊಟ್ಟಣದ ಮೇಲೆ ಬರೆದದ್ದನ್ನೇ ಪಾಲಿಸಿ, ಅಂದಾಜಿನ ಮೇಲೆ ಹಾಕಬೇಡಿ. ಹಾಕಿದ ಮೇಲೆ ಅರ್ಧ ತಾಸಾದರೂ ಬಿಟ್ಟು ಕುಡಿಯಬೇಕು. ಕೂಸುಗಳಿಗೆ ಕೊಡುವುದಾದರೆ ತೆಗೆದ ನೀರನ್ನು ಕೊತಕೊತ ಕುದಿಸಿ ಆರಿಸಿ ಕೊಡಿ. ಸವಳು ನೀರನ್ನು, ಫ್ಲೋರೈಡ್ ಇರುವ ಬೋರ್‌ವೆಲ್ ನೀರನ್ನು ಮಾತ್ರ ಕುದಿಸಿ ಫಲವಿಲ್ಲ. ಕುದಿದಷ್ಟೂ ಅದು ಗಟ್ಟಿಯಾಗುತ್ತದೆ. ಅಡಕಲಿಗೆ ಆ ನೀರು ಬೇಡ.

ಪೈಪಿನ ಮಾತು ಬಂದಾಗ ಇನ್ನೊಂದನ್ನು ನುಂಗಿಕೊಂಡು ಮುಂದೆ ಹೋಗಲಾರೆ. ನಳಕ್ಕೆ ನೇರ ಮೋಟಾರು ಹಚ್ಚುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆ ಮೋಟಾರು ಪಕ್ಕದ ಮನೆಯ ನೀರನ್ನು ಎಳೆಯುತ್ತದೆ, ಅದರ ಜೊತೆಗೆ ಬಿರುಕಿನಿಂದ ಗಟಾರದ ನೀರನ್ನೂ ಎಳೆಯುತ್ತದೆ. ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟಿನ ಹೊತ್ತಿಗೆ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ನಮ್ಮಿಂದ ಅದೇನು ದೂರದ ಊರಲ್ಲ. ನಳದ ನೀರು ಕೆಟ್ಟಿದೆ ಎಂದು ಡಂಗುರ ಸಾರಿದ ದಿನ ಮನೆಯಲ್ಲಿ ಕಳೆದ ತಿಂಗಳು ಹಿಡಿದ ಒಳ್ಳೆಯ ನೀರಿದ್ದರೆ ಮಕ್ಕಳಿಗೆ ಅದನ್ನು ಕೊಡಬಹುದು. ಅಡಕಲಿನ ಈ ಉಪಯೋಗ ಬರಗಾಲದ ಉಪಯೋಗಕ್ಕಿಂತ ಕಡಿಮೆಯದಲ್ಲ.

ನೀರು ಹಿಡಿದಿಟ್ಟರೆ ಸೊಳ್ಳೆ ಆಗುತ್ತದಲ್ಲ ಎಂದು ನೀವು ಕೇಳುತ್ತೀರಿ. ಸರಿಯಾಗಿಯೇ ಕೇಳುತ್ತೀರಿ. 2024ರ ಮಳೆಗಾಲದಲ್ಲಿ ಡೆಂಗಿ ಹೆಚ್ಚಿದ ಜಿಲ್ಲೆಗಳ ಪಟ್ಟಿಯಲ್ಲಿ ಹಾವೇರಿಯ ಹೆಸರಿತ್ತು. ಆ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಹುಟ್ಟಲು ಎಡೆಗೊಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತು. ಡೆಂಗಿಯ ಸೊಳ್ಳೆ ಹುಟ್ಟುವುದು ಹೊಲಸು ಗಟಾರದಲ್ಲಲ್ಲ, ನಮ್ಮ ಮನೆಯ ತಿಳಿನೀರಿನ ಬ್ಯಾರಲ್ಲಿನಲ್ಲಿ, ತೆರೆದ ಸಿಮೆಂಟು ಟಾಕಿಯಲ್ಲಿ. ಮೊಟ್ಟೆ ಸೊಳ್ಳೆಯಾಗಿ ಹಾರಲು ವಾರ ಹತ್ತು ದಿನ ಸಾಕು. ನಾವು ಈಗ ನೀರು ಹಿಡಿದಿಡುವ ರೀತಿಯೇ ಸೊಳ್ಳೆಗೆ ತೊಟ್ಟಿಲು ಕಟ್ಟಿದ ಹಾಗಿದೆ. ತಿರುಗಿಸಿ ಬಿಗಿದ ಮುಚ್ಚಳದ ಕ್ಯಾನಿನೊಳಗೆ ಸೊಳ್ಳೆ ಹೋಗಲಾರದು. ಕುಡಿಯುವ ನೀರಿಗೆ ಅಡಕಲು ಇದೆ ಎಂಬ ಧೈರ್ಯ ಬಂದರೆ, ಭಯಕ್ಕೆ ತುಂಬಿಟ್ಟ ಆ ತೆರೆದ ಬ್ಯಾರಲ್ಲನ್ನು ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ಒಣಗಿಸಲು ಕೈ ಹಿಂಜರಿಯುವುದಿಲ್ಲ.

ಉಳಿದದ್ದು ಸಣ್ಣ ಕೆಲಸ. ಬಿಸಿಲು ಬೀಳದ ಕಡೆ ಇಡಿ. ಬೆಳಕು ಬಿದ್ದರೆ ಒಳಗೆ ಪಾಚಿ ಕಟ್ಟುತ್ತದೆ. ಗೊಬ್ಬರ, ಕೀಟನಾಶಕ, ಸೀಮೆಎಣ್ಣೆ, ಪೆಟ್ರೋಲು ಇಟ್ಟ ಖೋಲಿಯಲ್ಲಿ ಇಡಬೇಡಿ, ಪ್ಲಾಸ್ಟಿಕ್ಕು ವಾಸನೆ ಹೀರುತ್ತದೆ. ಬ್ಯಾಡಗಿಯವರಿಗೆ ಒಂದು ಮಾತು: ಸೀಸನ್ನಿನಲ್ಲಿ ಊರಿಗೆ ಊರೇ ಮೆಣಸಿನಕಾಯಿಯ ಘಾಟು, ಧೂಳು ಹೊದ್ದಿರುತ್ತದೆ. ಕ್ಯಾನಿನ ಮೇಲೆ ಒಂದು ಹಳೆಯ ಪಂಜೆ ಹೊದಿಸಿಡಿ, ಮುಚ್ಚಳ ತೆಗೆಯುವ ಮೊದಲು ಒರೆಸಿ. ಪ್ರತಿ ಕ್ಯಾನಿನ ಮೇಲೆ ತುಂಬಿದ ತಾರೀಕು ಬರೆಯಿರಿ. ಹಳೆಯದು ಕೆಳಗೆ ಉಳಿದು ಹೊಸದಷ್ಟೇ ಖರ್ಚಾಗಬಾರದು. ಎಷ್ಟು ದಿನಕ್ಕೆ ಬದಲಿಸಬೇಕು ಎಂದರೆ, ನಮ್ಮ ಸೆಕೆಗೆ ತಿಂಗಳಿಗೊಮ್ಮೆ. ಅದಕ್ಕೆ ಕ್ಯಾಲೆಂಡರ್ ನೋಡುವುದೂ ಬೇಡ. ಅಮಾವಾಸ್ಯೆಗೆ ಮನೆ ಸಾರಿಸಿ ಪಾತ್ರೆ ಬೆಳಗುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಆ ವಾರ ನೀರು ಬಂದ ದಿನ ಒಂದೊಂದೇ ಕ್ಯಾನು ಬಳಸಿ ಬರಿದು ಮಾಡಿ, ಸೋಪಿನ ನೀರಲ್ಲಿ ಕುಲುಕಿ, ಎರಡು ಮೂರು ಸಲ ಜಾಲಿಸಿ, ಅಂಚಿನ ತನಕ ತುಂಬಿ ಬಿಗಿಯಿರಿ. ಒಳಗೆ ಕೈ ಹಾಕುವುದು, ಉಸುಕು ಹಾಕಿ ತಿಕ್ಕುವುದು ಬೇಡ. ಹಳೆಯ ನೀರನ್ನು ಚೆಲ್ಲಬೇಡಿ. ಅದು ಬಟ್ಟೆಗೆ, ನೆಲಕ್ಕೆ, ತುಳಸಿಗೆ ಆಗುತ್ತದೆ. ಕುಡಿಯುವಾಗ ಕ್ಯಾನಿನಿಂದ ಹರವಿಗೆ ಸುರಿದುಕೊಂಡು ತಣ್ಣಗೆ ಮಾಡಿ ಕುಡಿಯಿರಿ, ಆದರೆ ಹರವಿಯೊಳಗೆ ಲೋಟ ಅದ್ದದೆ ಉದ್ದ ಹಿಡಿಯ ಸೌಟು ಬಳಸಿ.

ನೀರು ಕೊಡುವುದು ಸರ್ಕಾರದ ಕೆಲಸ, ನಾವ್ಯಾಕೆ ಖರ್ಚು ಮಾಡಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು. ಹೌದು, ಅದು ಅವರ ಕೆಲಸವೇ. ವಾರ್ಡಿನ ಸದಸ್ಯರನ್ನು ಕೇಳಿ, ಸಭೆಯಲ್ಲಿ ಕೇಳಿ, ಹೆಗ್ಗೇರಿಯ ಹೂಳೆತ್ತಿ ಎಂದು ಕೇಳಿ, ಮುಚ್ಚಿದ ಬಾವಿಗಳನ್ನು ತೆರೆಯಿರಿ ಎಂದು ಕೇಳಿ. ನಾನೂ ನಿಮ್ಮ ಜೊತೆ ಬರುತ್ತೇನೆ. ಕೇಳಲು ಹೋಗುವಾಗ ಮನೆಯಲ್ಲಿರುವ ಮಗುವಿಗೆ ಬಾಯಾರಿರಬಾರದು.

ಸ್ವಸಹಾಯ ಸಂಘದ ಅಕ್ಕಂದಿರಲ್ಲಿ ಒಂದು ಕೋರಿಕೆ: ವಾರದ ಉಳಿತಾಯದಲ್ಲಿ ಕ್ಯಾನಿಗೆಂದು ಒಂದು ಪಾಲು ತೆಗೆದಿಡಿ, ಐವತ್ತು ನೂರು ಒಟ್ಟಿಗೆ ಕೊಂಡರೆ ಅಂಗಡಿಯವರು ದರ ಇಳಿಸುತ್ತಾರೆ. ಬ್ಯಾಡಗಿಯ ದಲಾಲಿ ಅಂಗಡಿಯ ಹಿರಿಯರೇ, 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಘಾಟಿನಲ್ಲಿ ದಿನವಿಡೀ ಕೂರುವ ಹೆಣ್ಣುಮಕ್ಕಳಿಗಾಗಿ ನಿಮ್ಮ ಪ್ರತಿ ಅಂಗಡಿಯಲ್ಲಿ, ಪ್ರತಿ ಗೋದಾಮಿನಲ್ಲಿ ಇಂಥ ಹತ್ತು ಕ್ಯಾನು ಇರಲಿ. ಶಾಲೆಯ ಗುರುಗಳೇ, ಬಿಸಿಯೂಟದ ಕೋಣೆಯಲ್ಲಿ ಒಂದು ಅಡಕಲು ನಿಲ್ಲಿಸಿ, ತಾರೀಕು ಬರೆಯುವ ಕೆಲಸವನ್ನು ಮಕ್ಕಳಿಗೇ ಕೊಡಿ. ಓಣಿಯಲ್ಲಿ ಒಬ್ಬರೇ ಇರುವ ಮುದುಕರ ಮನೆಯ ಕ್ಯಾನು ತುಂಬಿಸಿ ಏರಿಸಿಕೊಡುವ ಹುಡುಗ ಯಾರೆಂದು ಈಗಲೇ ಗೊತ್ತುಮಾಡಿಕೊಳ್ಳಿ.

ನಮ್ಮ ಮನೆಯ ಅಡಕಲು ಈಗ ನಡುಮನೆಯ ಮೂಲೆಯಲ್ಲಿದೆ. ಎರಡರ ಮೇಲೆ ಎರಡು, ಪಕ್ಕದಲ್ಲಿ ಬಿಡಿಯಾಗಿ ಒಂದು. ಆ ಬಿಡಿಯಾದದ್ದು ಓಣಿಯದು ಎಂದು ಅತ್ತೆ ಗೊತ್ತುಮಾಡಿದ್ದಾರೆ. ಯಾರು ಕೇಳಿ ಬಂದರೂ ಅದರಿಂದ ಕೊಡಬೇಕು, ಬಗ್ಗಿ ನೋಡಬಾರದು. ನಿಮ್ಮ ಓಣಿಗೆ ನೀರು ಬರುವ ಮುಂದಿನ ಸರದಿ ಯಾವಾಗಲೋ, ಅಂದು ಮೊದಲ ಹತ್ತು ನಿಮಿಷದ ನೀರನ್ನು ಬಚ್ಚಲಿಗೆ ಬಿಟ್ಟು, ಒಂದೇ ಒಂದು ಕ್ಯಾನು ತುಂಬಿಸಿ, ಮುಚ್ಚಳ ಬಿಗಿದು, ಮೇಲೆ ತಾರೀಕು ಬರೆದಿಡಿ.